ಕಪಾಟಿಗೆ ಒಗ್ಗದ ಸಂಗೀತ: ಮ್ಯೂನಿಕ್‌ನ ಎಂಬ್ರಿಯೊ

ಅರವತ್ತರ ದಶಕದ ಕೊನೆಯಲ್ಲಿ ಪಶ್ಚಿಮ ಜರ್ಮನಿಯ ತರುಣ ಸಂಗೀತಗಾರರು ಇಂಗ್ಲೆಂಡ್ ಮತ್ತು ಅಮೆರಿಕದ ರಾಕ್ ಸಂಗೀತದ ಅನುಕರಣೆಯನ್ನೂ ಹಿಂದಿನ ತಲೆಮಾರಿಗೆ ಪ್ರಿಯವಾಗಿದ್ದ ಹಗುರ ಭಾವಗೀತೆಗಳನ್ನೂ ಒಟ್ಟಿಗೇ ಬದಿಗಿರಿಸಿ ತಮ್ಮದೇ ಆದ ಒಂದು ಸಂಗೀತವನ್ನು ಕಟ್ಟತೊಡಗಿದಾಗ, ಬ್ರಿಟಿಷ್ ಪತ್ರಿಕೆಗಳು ತುಸು ಗೇಲಿಯಿಂದಲೇ ಅದನ್ನು ಕ್ರೌಟ್‌ರಾಕ್ ಎಂದು ಕರೆದವು. ದೀರ್ಘ ರಚನೆ ಮತ್ತು ಜಟಿಲ ಲಯಗಳ ಪ್ರೊಗ್ರೆಸಿವ್ ರಾಕ್, ಪ್ರತಿಧ್ವನಿ ಹಾಗೂ ವಿಕೃತಗೊಳಿಸಿದ ನಾದಗಳಿಂದ ಕೇಳುಗನನ್ನು ಭ್ರಮಾಲೋಕಕ್ಕೆ ಒಯ್ಯುವ ಸೈಕೆಡೆಲಿಕ್ ರಾಕ್, ಆಗಷ್ಟೇ ಬಳಕೆಗೆ ಬರುತ್ತಿದ್ದ ಎಲೆಕ್ಟ್ರಾನಿಕ್ ವಾದ್ಯಗಳು, ಇವೆಲ್ಲವೂ ಅದರಲ್ಲಿ ಬೆರೆತಿದ್ದವು. ಕ್ಯಾನ್, ನೋಯ್, ಫೌಸ್ಟ್, ಕ್ರಾಫ್ಟ್‌ವರ್ಕ್, ಟ್ಯಾಂಜರೀನ್ ಡ್ರೀಮ್ ಎಂಬ ಕೆಲವು ತಂಡಗಳ ಹೆಸರು ಕಾಲಕ್ರಮದಲ್ಲಿ ಜಗತ್ತಿನಾದ್ಯಂತ ಹಬ್ಬಿದರೂ, ಅದೇ ವರ್ಷಗಳಲ್ಲಿ ಅದೇ ಊರುಗಳಲ್ಲಿ ನುಡಿಸಿದ ಹಲವು ತಂಡಗಳ ಎಲ್‌ಪಿಗಳು ಅಂಗಡಿಗಳ ಮೂಲೆಗೆ ಸರಿದು ಮರೆಯಾದವು.

ಹೀಗೆ ಮರೆಯಾದುದನ್ನು ಹುಡುಕುವ ಹವ್ಯಾಸಕ್ಕೆ ತನ್ನದೇ ಇತಿಹಾಸವಿದೆ. 1979ರಲ್ಲಿ ನರ್ಸ್ ವಿತ್ ವೂಂಡ್ ಎಂಬ ಬ್ರಿಟಿಷ್ ತಂಡದ ಸ್ಟೀವನ್ ಸ್ಟೇಪಲ್‌ಟನ್, ಜಾನ್ ಫಾದರ್‌ಗಿಲ್ ಮತ್ತು ಹೇಮನ್ ಪಾಠಕ್ ತಮ್ಮ ಮೊದಲ ಧ್ವನಿಮುದ್ರಿಕೆಯ ಜೊತೆಗೆ ತಮಗೆ ಪ್ರಿಯವಾದ, ಬಹುಪಾಲು ಅಜ್ಞಾತವಾದ ಕಲಾವಿದರ ಪಟ್ಟಿಯೊಂದನ್ನು ಯಾವ ವಿವರಣೆಯೂ ಇಲ್ಲದೆ ಅಚ್ಚು ಹಾಕಿಸಿದರು. ಬರಿಯ ಹೆಸರುಗಳ ಆ ಪಟ್ಟಿಯೇ ಮುಂದೆ ಸಂಗ್ರಾಹಕರ ಕೈಪಿಡಿಯಾಯಿತು. 1995ರಲ್ಲಿ ಪ್ರಕಟವಾದ ಜೂಲಿಯನ್ ಕೋಪ್‌ನ ‘ಕ್ರೌಟ್‌ರಾಕ್‌ಸ್ಯಾಂಪ್ಲರ್’ ಎಂಬ ಉತ್ಸಾಹಭರಿತ ಪುಸ್ತಕವು ಈ ಸಂಗೀತಕ್ಕೆ ಹೊಸ ಕೇಳುಗರನ್ನು ತಂದುಕೊಟ್ಟಿತು. ಆದರೆ ಇಂಥ ಪಟ್ಟಿಗಳಿಗಿಂತ ವಿಶ್ವಾಸಾರ್ಹವಾದ ದಾರಿಯೊಂದು ಪ್ರತಿಯೊಂದು ಎಲ್‌ಪಿಯ ಹೊದಿಕೆಯ ಹಿಂಬದಿಯಲ್ಲೇ ಇದೆ. ಯಾರು ಯಾವ ವಾದ್ಯವನ್ನು ನುಡಿಸಿದ್ದಾರೆ ಎಂಬುದನ್ನು ಓದಿ, ಆ ಹೆಸರಿನ ಬೆನ್ನು ಹತ್ತಿ ಮುಂದಿನ ಧ್ವನಿಮುದ್ರಿಕೆಗೆ ಹೋಗುವುದೇ ಆ ದಾರಿ. ಅದನ್ನು ಹಿಡಿದು ಮ್ಯೂನಿಕ್‌ನಿಂದ ಹೊರಟವರು ಬೆಂಗಳೂರನ್ನು ತಲುಪಬಹುದು ಎಂಬುದಕ್ಕೆ ಎಂಬ್ರಿಯೊ ತಂಡವೇ ಸಾಕ್ಷಿ.

ಡ್ರಮ್ಸ್ ಮತ್ತು ವೈಬ್ರಾಫೋನ್ (ಲೋಹದ ಪಟ್ಟಿಗಳನ್ನು ಕೋಲಿನಿಂದ ನುಡಿಸುವ ವಾದ್ಯ) ವಾದಕ ಕ್ರಿಸ್ಟಿಯಾನ್ ಬುರ್ಕಾರ್ಡ್ 1969ರಲ್ಲಿ ಮ್ಯೂನಿಕ್‌ನಲ್ಲಿ ಎಡ್ಗರ್ ಹಾಫ್‌ಮನ್ ಜೊತೆ ಸೇರಿ ಈ ತಂಡವನ್ನು ಕಟ್ಟಿದರು. ಓರ್ ಕಂಪನಿ 1970ರಲ್ಲಿ ಹೊರತಂದ ‘ಓಪಲ್’ ಸೈಕೆಡೆಲಿಕ್ ರಾಕ್‌ಗೆ ಹತ್ತಿರವಾಗಿದ್ದರೆ, 1973ರ ‘ವಿ ಕೀಪ್ ಆನ್’ ಜಾಝ್‌ನ ಕಡೆಗೆ ವಾಲಿತ್ತು, ಅನಂತರದವು ಎತ್ತ ವಾಲಿದವು ಎಂದು ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ಸದಸ್ಯರು ಬಂದು ಹೋಗುತ್ತಲೇ ಇದ್ದರು. ಇದು ಯಾವ ವಿಭಾಗದ ಸಂಗೀತ ಎಂದು ಅಂಗಡಿಯವನಿಗೆ ತಿಳಿಯದಿದ್ದರೆ ಆ ಎಲ್‌ಪಿಗೆ ಕಪಾಟಿನಲ್ಲಿ ಜಾಗವಿರುವುದಿಲ್ಲ; ಎಂಬ್ರಿಯೊ ಉಪೇಕ್ಷೆಗೆ ಒಳಗಾಗಲು ಸಂಗೀತದ ಗುಣಕ್ಕಿಂತ ಹೆಚ್ಚಾಗಿ ಇದೇ ಕಾರಣ. ಸಾಲದುದಕ್ಕೆ 1976ರಲ್ಲಿ ಅವರು ಇತರ ಕೆಲವು ತಂಡಗಳೊಡನೆ ಕೂಡಿ, ದೊಡ್ಡ ಕಂಪನಿಗಳ ಹಂಗಿಲ್ಲದೆ ಕಲಾವಿದರೇ ಮುದ್ರಿಸಿ ಕಲಾವಿದರೇ ಮಾರುವ, ಮುಂದೆ ಷ್ನೇಬಾಲ್ ಎಂದು ಹೆಸರಾದ ಸಂಸ್ಥೆಯನ್ನು ಹುಟ್ಟುಹಾಕಿದರು. ಅದರಿಂದ ಸ್ವಾತಂತ್ರ್ಯ ದೊರೆಯಿತೇ ಹೊರತು ಪ್ರಚಾರ ದೊರೆಯಲಿಲ್ಲ.

‘ವಿ ಕೀಪ್ ಆನ್’ನ ಹೊದಿಕೆಯಲ್ಲಿ ಚಾರ್ಲಿ ಮರಿಯಾನೊ ಎಂಬ ಹೆಸರಿದೆ. ಬಾಸ್ಟನ್‌ನಲ್ಲಿ ಹುಟ್ಟಿದ ಈ ಜಾಝ್ ಸ್ಯಾಕ್ಸೊಫೋನ್ ವಾದಕರು ನಾಗಸ್ವರವನ್ನೂ ಶ್ರದ್ಧೆಯಿಂದ ಕಲಿತಿದ್ದರು. 1978–79ರಲ್ಲಿ ಎಂಬ್ರಿಯೊ ತಂಡವು ಬಸ್ಸಿನಲ್ಲಿ ವಾದ್ಯಗಳನ್ನು ಹೇರಿಕೊಂಡು ಜರ್ಮನಿಯಿಂದ ಭೂಮಾರ್ಗವಾಗಿಯೇ ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ದಾಟಿ ಭಾರತಕ್ಕೆ ಬಂದು, ದಾರಿಯುದ್ದಕ್ಕೂ ಸ್ಥಳೀಯ ಕಲಾವಿದರೊಡನೆ ನುಡಿಸಿತು. ಆ ಪ್ರವಾಸದ ಫಲವಾದ ‘ಎಂಬ್ರಿಯೋಸ್ ರೈಸೆ’ ಎಂಬ ಜೋಡಿ ಎಲ್‌ಪಿ 1979ರಲ್ಲಿ ಹೊರಬಂದಿತು. ಅದೇ ವರ್ಷದ ಇರಾನಿನ ಕ್ರಾಂತಿ ಮತ್ತು ಡಿಸೆಂಬರ್‌ನಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನವನ್ನು ಹೊಕ್ಕದ್ದು, ಇವೆರಡರಿಂದ ಆ ಮಾರ್ಗವೇ ಮುಚ್ಚಿಹೋಯಿತು.

ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಅವರು ಬೆಂಗಳೂರಿನಲ್ಲಿ 1964ರಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ತಾಳವಾದ್ಯ ಶಾಲೆಯೊಡನೆ ಎಂಬ್ರಿಯೊ ಮಾಡಿದ ‘ಲೈಫ್’ 1980ರಲ್ಲಿ ಪ್ರಕಟವಾಯಿತು. ಈ ಕೂಡಿಕೆ ಬರಿಯ ಕುತೂಹಲದ್ದಾಗಿರಲಿಲ್ಲ. ನೋಯ್‌ನಂಥ ತಂಡಗಳು ನಾಲ್ಕರ ಎಣಿಕೆಯ ಒಂದೇ ನಡೆಯನ್ನು ಎಡೆಬಿಡದೆ ಸಾಗಿಸಿ ಪ್ರಸಿದ್ಧವಾದರೆ, ಬುರ್ಕಾರ್ಡ್ ಅವರ ಒಲವು ಮೊದಲಿನಿಂದಲೂ ಬೆಸ ಎಣಿಕೆಗಳ ಕಡೆಗಿತ್ತು. ಐದರ ಖಂಡಛಾಪು ಮತ್ತು ಏಳರ ಮಿಶ್ರಛಾಪುಗಳಲ್ಲಿ ಸಲೀಸಾಗಿ ಓಡಾಡುವ ಮೃದಂಗ, ಘಟ, ಖಂಜಿರಗಳಿಗೆ ಅವರ ಜೊತೆ ಹೊಂದಿಕೊಳ್ಳಲು ತಮ್ಮ ಲೆಕ್ಕಾಚಾರವನ್ನು ಬಿಟ್ಟುಕೊಡಬೇಕಾದ ಅಗತ್ಯವೇ ಇರಲಿಲ್ಲ. ಪೂರ್ವ–ಪಶ್ಚಿಮ ಸಂಗಮದ ಹೆಸರಿನಲ್ಲಿ ಮೃದಂಗವನ್ನು ಹಿನ್ನೆಲೆಯ ಅಲಂಕಾರಕ್ಕೆ ಇಳಿಸಿದ ಧ್ವನಿಮುದ್ರಿಕೆಗಳೇ ಹೆಚ್ಚಾಗಿರುವಾಗ ಇದು ಸಣ್ಣ ಮಾತಲ್ಲ.

ಮರಿಯಾನೊ ಮುಂದೆ ಇದೇ ಶಾಲೆಯ ಕಲಾವಿದರೊಡನೆ ‘ಜ್ಯೋತಿ’ಯನ್ನು ನುಡಿಸಿದರು, ಆರ್.ಎ. ರಮಾಮಣಿ ಅವರ ಗಾಯನವಿರುವ ಅದು 1983ರಲ್ಲಿ ಇಸಿಎಂ ಎಂಬ ಹೆಸರಾಂತ ಜರ್ಮನ್ ಕಂಪನಿಯಲ್ಲಿ ಮುದ್ರಿತವಾಯಿತು. ಬುರ್ಕಾರ್ಡ್ 2018ರಲ್ಲಿಯೂ ಮಣಿ 2020ರಲ್ಲಿಯೂ ತೀರಿಕೊಂಡರು. ಎಂಬ್ರಿಯೊ ತಂಡವನ್ನು ಈಗ ಬುರ್ಕಾರ್ಡ್ ಅವರ ಮಗಳು ಮಾರ್ಯಾ ನಡೆಸುತ್ತಿದ್ದಾರೆ. ಕರ್ನಾಟಕ ಸಂಗೀತದ ಲಯ ಪರಿಚಿತವಿರುವ ಓದುಗರು ‘ಜ್ಯೋತಿ’ಯಿಂದ ಆರಂಭಿಸಿ, ‘ಲೈಫ್’ ಕೇಳಿ, ಅಲ್ಲಿಂದ ಹಿಂದಕ್ಕೆ ‘ಓಪಲ್’ವರೆಗೆ ಹೋಗುವುದು ಒಳ್ಳೆಯದು.