ಮಾರಿದ ಮೇಲೂ ಅಂಗಳ ಬಿಡದ ವಾಹನ

ಹಿಂದೆ ನಮ್ಮ ಹಳ್ಳಿಗಳಲ್ಲಿ ಕೋಣ ಮಾರಾಟವಾದರೆ, ಕೊಂಡವನು ಹಣ ಎಣಿಸಿಕೊಟ್ಟು ಹಗ್ಗ ಹಿಡಿದು ಕತ್ತಲಾಗುವುದರೊಳಗೆ ತನ್ನ ಊರು ಸೇರುತ್ತಿದ್ದ. ಮಾರಿದ ಕೋಣಕ್ಕೆ ಮಾರಿದವನೇ ಆರು ತಿಂಗಳು ಹುಲ್ಲು ಹಾಕುವ ಪ್ರಸಂಗ ಬರುತ್ತಿರಲಿಲ್ಲ. ಜೀಪು, ಕಾರು, ಸ್ಕೂಟರುಗಳ ವಿಷಯ ಹಾಗಲ್ಲ. ಬೆಲೆ ಕುದುರುತ್ತದೆ, ಐದೋ ಹತ್ತೋ ಸಾವಿರ ಕೈಗೆ ಬರುತ್ತದೆ, ಕಾಫಿ ಕುಡಿದು ಎಲ್ಲರೂ ನಗುನಗುತ್ತಾ ಎದ್ದು ಹೋಗುತ್ತಾರೆ. ವಾಹನ ಮಾತ್ರ ಅಂಗಳದಲ್ಲೇ ಉಳಿಯುತ್ತದೆ.

ಕೊಂಡವರು ತಡಮಾಡುವುದಕ್ಕೆ ನಮ್ಮ ಕಡೆ ಕಾರಣಗಳಿಗೆ ಬರವಿಲ್ಲ. "ಆಟಿ ಒಂದು ಕಳೆಯಲಿ ಅಣ್ಣಾ, ಸೋಣ ಸಂಕ್ರಮಣದ ಮರುದಿನವೇ ಬಂದೆ" ಎನ್ನುವವರಿದ್ದಾರೆ. ನೆರೆಯ ಮಲಯಾಳಿ ಬಂಧುಗಳು ಅದನ್ನೇ ಕರ್ಕಟಕ ಕಳೆದು ಚಿಂಗಂ ಒಂದಕ್ಕೆ ಎನ್ನುತ್ತಾರೆ. ಗಲ್ಫಿನಿಂದ ಮಗ ಬರಬೇಕು, ಅಡಿಕೆಗೆ ಧಾರಣೆ ಏರಬೇಕು, ಬ್ಯಾಂಕಿನವರು ಸಾಲ ಮಂಜೂರು ಮಾಡಬೇಕು. ಇವೆಲ್ಲ ಸುಳ್ಳೆಂದು ನಾನು ಹೇಳುವುದಿಲ್ಲ. ಬಹುಪಾಲು ನಿಜವೇ ಆಗಿರುತ್ತವೆ. ಆದರೆ ಅವರ ನಿಜದ ಬಾಡಿಗೆಯನ್ನು ನಾವು ಕಟ್ಟುತ್ತಿರುತ್ತೇವೆ ಎಂಬುದೂ ಅಷ್ಟೇ ನಿಜ.

ಬದಿಯಡ್ಕದಿಂದ ಒಳಗೆ ಇರುವ ಅಡಿಕೆ ಕೃಷಿಕರೊಬ್ಬರ ಅನುಭವ ಇದಕ್ಕೆ ಒಳ್ಳೆಯ ಉದಾಹರಣೆ. ಮೇ ತಿಂಗಳ ಕೊನೆಗೆ ತಮ್ಮ ಹಳೆಯ ಜೀಪನ್ನು ಗಡಿಯಾಚೆ ಪುತ್ತೂರು ಕಡೆಯವರೊಬ್ಬರಿಗೆ 1,80,000 ರೂಪಾಯಿಗೆ ಮಾತಾಡಿ, 10,000 ರೂಪಾಯಿ ಹಿಡಿದುಕೊಂಡರು. ಕಾಗದ ಪತ್ರ ಏನೂ ಆಗಲಿಲ್ಲ. ಪರಿಚಯದವರ ಮೂಲಕ ಬಂದವರಲ್ಲಿ ಬರೆದು ಕೊಡಿ ಎಂದು ಕೇಳುವುದು ಹೇಗೆಂಬ ದಾಕ್ಷಿಣ್ಯ. ಜೂನಿನಲ್ಲಿ ಮಳೆ ಹಿಡಿಯಿತು. ಜುಲೈಯಲ್ಲಿ ಮತ್ತೊಬ್ಬರು 1,75,000 ರೂಪಾಯಿ ನಗದು ತಂದು ನಿಂತರು. "ಮಾತು ಕೊಟ್ಟಾಗಿದೆ ಮಾರಾಯ್ರೆ" ಎಂದು ಇವರು ಅವರನ್ನು ಹಿಂದೆ ಕಳುಹಿಸಿದರು. ಆಗಸ್ಟಿನಲ್ಲಿ ವಿಮೆ ಮುಗಿಯಿತು. ಸಪ್ಟೆಂಬರಿನಲ್ಲಿ ಬ್ಯಾಟರಿ ಸತ್ತಿತು. ಬಾನೆಟ್ ತೆರೆದು ನೋಡಿದರೆ ಇಲಿ ವಯರುಗಳನ್ನು ಕಡಿದಿತ್ತು. ನವಂಬರಿನಲ್ಲಿ ಅಡಿಕೆ ಅಂಗಳಕ್ಕೆ ಇಳಿಯುವ ಹೊತ್ತಿಗೆ ಒಣಹಾಕುವ ಜಾಗದ ನಡುವೆ ಸತ್ತ ಜೀಪು! ಫೋನು ಮಾಡಿದರೆ "ಬರುವ ವಾರ" ಎಂಬ ಒಂದೇ ಉತ್ತರ.

ಇಂಥಲ್ಲಿ ಕಾನೂನು ಯಾರ ಕಡೆಗಿದೆ? ಹೆಚ್ಚಿನವರು ಭಾವಿಸಿರುವಂತೆ ಮಾರಿದವನು ಕೈಕಟ್ಟಿ ಕೂರಬೇಕಾಗಿಲ್ಲ. 1930ರ ಸರಕು ಮಾರಾಟ ಕಾಯಿದೆ ಇಂದಿಗೂ ಜಾರಿಯಲ್ಲಿದೆ, ಮನೆಯ ವಾಹನದ ಮಾರಾಟಕ್ಕೂ ಅದು ಅನ್ವಯಿಸುತ್ತದೆ. ಅದರ 44ನೆಯ ಕಲಮಿನ ಪ್ರಕಾರ, ಮಾರಿದವನು ಒಪ್ಪಿಸಲು ಸಿದ್ಧನಿದ್ದು, ಒಯ್ಯುವಂತೆ ಕೇಳಿಕೊಂಡ ಮೇಲೂ ಕೊಂಡವನು ಯುಕ್ತ ಸಮಯದಲ್ಲಿ ಒಯ್ಯದಿದ್ದರೆ, ಅದರಿಂದಾದ ನಷ್ಟವನ್ನೂ ವಸ್ತುವನ್ನು ಕಾಪಾಡಿದ ಯುಕ್ತ ಖರ್ಚನ್ನೂ ಕೊಂಡವನೇ ತೆರಬೇಕು. ಇಲ್ಲಿ "ಕೇಳಿಕೊಂಡ ಮೇಲೂ" ಎಂಬ ಮಾತಿಗೆ ಓದುಗರು ಗಮನ ಕೊಡಬೇಕು. ಕೇಳಿದ್ದಕ್ಕೆ ಗುರುತು ಇಲ್ಲದಿದ್ದರೆ ಈ ಕಲಮು ನಮ್ಮ ನೆರವಿಗೆ ಬರುವುದು ಕಷ್ಟ. 26ನೆಯ ಕಲಮು ಇನ್ನೊಂದು ಮಾತು ಹೇಳುತ್ತದೆ. ಒಬ್ಬನ ತಪ್ಪಿನಿಂದ ಒಪ್ಪಿಸುವಿಕೆ ತಡವಾದರೆ, ಆ ತಡ ಇಲ್ಲದಿದ್ದರೆ ಆಗುತ್ತಿರಲಿಲ್ಲ ಎನ್ನಬಹುದಾದ ಹಾನಿ ಆ ತಪ್ಪಿತಸ್ಥನ ಪಾಲಿಗೆ ಸೇರುತ್ತದೆ. ಹಾಗೆಂದು ನಾವು ಜೀಪನ್ನು ಮಳೆಗೆ ಬಿಟ್ಟು ಸುಮ್ಮನೆ ಕುಳಿತು ಆಮೇಲೆ ಪರಿಹಾರ ಕೇಳುವಂತಿಲ್ಲ. ನೋಡಿಕೊಳ್ಳುವ ಹೊಣೆ ನಮ್ಮ ಮೇಲೂ ಇದೆ.

ಬೇರೆಯವರಿಗೆ ಮಾರಬಹುದೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಹಣ ಪೂರ್ತಿ ಬರದೆ, ವಾಹನ ನಮ್ಮ ವಶದಲ್ಲೇ ಇದ್ದರೆ ಮಾರಬಹುದು, ಆದರೆ ನೋಟೀಸು ಕೊಟ್ಟ ಮೇಲೆ. 54ನೆಯ ಕಲಮು ಇದನ್ನು ಬಹಳ ಸ್ಪಷ್ಟವಾಗಿ ವಿವರಿಸಿದೆ. ಮರುಮಾರಾಟ ಮಾಡುತ್ತೇನೆಂದು ತಿಳಿಸಿ, ಯುಕ್ತ ಕಾಲಾವಕಾಶದಲ್ಲಿ ಅವನು ಹಣ ತರದಿದ್ದರೆ ಮಾರಿ, ಬೆಲೆ ಕಡಿಮೆ ಬಂದರೆ ಆ ವ್ಯತ್ಯಾಸವನ್ನು ಅವನಿಂದ ಕೇಳಬಹುದು. ಹೆಚ್ಚು ಬಂದರೆ ಲಾಭ ನಮ್ಮದೇ. ನೋಟೀಸು ಕೊಡದೆ ಮಾರಿದರೆ ಎಲ್ಲವೂ ತಿರುಗುತ್ತದೆ. ನಷ್ಟ ಕೇಳುವಂತಿಲ್ಲ, ಲಾಭ ಬಂದಿದ್ದರೆ ಅದು ಮೊದಲಿನವನಿಗೆ ಸೇರುತ್ತದೆ. ಒಂದು ಕಾಗದ ಬರೆಯುವ ಸೋಮಾರಿತನಕ್ಕೆ ಇಷ್ಟು ದೊಡ್ಡ ದಂಡ.

ಪೂರ್ತಿ ಹಣ ಕೊಟ್ಟು ವಾಹನ ಬಿಟ್ಟುಹೋದವನ ವಿಷಯ ಬೇರೆ. ವಸ್ತು ಅವನದಾಯಿತು, ಅದನ್ನು ಮಾರುವ ಯೋಚನೆಯನ್ನೇ ಮಾಡಕೂಡದು. ಒಯ್ಯಲು ಬರೆಯುವುದು, ಕಾಯ್ದ ಖರ್ಚಿನ ಲೆಕ್ಕ ಇಡುವುದು, ಅಷ್ಟೇ.

ಇನ್ನು ಕೈಗೆ ಬಂದ ಆ ಹತ್ತು ಸಾವಿರ. ಅದನ್ನು ನಾವೀಗ "ಅಡ್ವಾನ್ಸ್" ಎನ್ನುತ್ತೇವೆ. ಹಿರಿಯರು "ಸಂಚಕಾರ" ಎನ್ನುತ್ತಿದ್ದರು, ಮಲಯಾಳದಲ್ಲಿ "ಅಚ್ಚಾರಂ" ಎಂಬ ಮಾತಿದೆ. ಸಂಸ್ಕೃತದ "ಸತ್ಯಂಕಾರ", ಅಂದರೆ ಮಾತನ್ನು ಸತ್ಯ ಮಾಡುವುದು, ಇದರ ಮೂಲ. ಯಾಜ್ಞವಲ್ಕ್ಯ ಸ್ಮೃತಿಯಲ್ಲೂ ಆ ಪದ ಸಿಗುತ್ತದೆ. ಇಂದು "ಜೀವಕ್ಕೆ ಸಂಚಕಾರ" ಎಂದು ಅಪಾಯದ ಅರ್ಥದಲ್ಲಿ ಮಾತ್ರ ಆ ಪದ ಮಕ್ಕಳಿಗೆ ಗೊತ್ತಿರುವುದು ಬೇಸರದ ಸಂಗತಿ. ಪದದ ವ್ಯತ್ಯಾಸ ಬರೇ ಭಾಷೆಯದ್ದಲ್ಲ. ಬೆಲೆಯ ಒಂದು ಭಾಗವಾಗಿ ಕೊಟ್ಟ ಮುಂಗಡವನ್ನು, ವ್ಯಾಪಾರ ಮುರಿದರೆ, ನಮಗಾದ ನಷ್ಟವನ್ನು ಮುರಿದುಕೊಂಡು ಹಿಂದೆ ಕೊಡಬೇಕಾಗುತ್ತದೆ. ಮಾತು ತಪ್ಪಿದರೆ ಹೋಗತಕ್ಕದ್ದೆಂದು ಬರೆದು ಕೊಟ್ಟ ಸಂಚಕಾರವನ್ನು ಇಟ್ಟುಕೊಳ್ಳಬಹುದು, ಅದೂ ಮೊತ್ತ ಯುಕ್ತವಾಗಿದ್ದರೆ. 1,80,000ದಲ್ಲಿ ಒಂದು ಲಕ್ಷ ಹಿಡಿದು ಅದು ಮುಳುಗಿತೆಂದರೆ 1872ರ ಕರಾರು ಕಾಯಿದೆಯ 74ನೆಯ ಕಲಮು ಅಡ್ಡ ಬರುತ್ತದೆ.

ಆದ್ದರಿಂದ ಬೆಲೆ ಕುದುರಿದ ದಿನವೇ ಒಂದು ಕರಾರು ಪತ್ರ ಆಗಬೇಕು. ಒಯ್ಯುವ ಕೊನೆಯ ತಾರೀಕು, ತಡವಾದರೆ ದಿನಕ್ಕೆ ಇಷ್ಟೆಂಬ ಕಾವಲು ಖರ್ಚು, ಸಂಚಕಾರದ ಗತಿ, ಆ ನಡುವೆ ವಿಮೆ ಮುಗಿದರೆ ಕಟ್ಟುವವರು ಯಾರು, ಪೂರ್ತಿ ಹಣ ಬರುವ ತನಕ ಒಡೆತನ ಮಾರುವವನದ್ದೇ ಎಂಬ ಮಾತು: ಇಷ್ಟು ಬರೆದರೆ ಸಾಕು. ಪೇಟೆಯಲ್ಲಿ ಸಿಗುವ ಅಚ್ಚಾದ ಕರಾರುಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇರುತ್ತವೆ. ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಮನೆಯ ಹಿರಿಯರು ಅದರಡಿಗೆ ರುಜು ಹಾಕಿ, ಏನು ಬರೆದಿದೆಯೆಂದು ಮಕ್ಕಳಲ್ಲಿ ಸಂಜೆ ಕೇಳುತ್ತಾರೆ. ಇಬ್ಬರು ಖಾಸಗಿ ವ್ಯಕ್ತಿಗಳ ನಡುವಿನ ಕರಾರು ಕನ್ನಡದಲ್ಲಿರಬಾರದೆಂದು ಯಾವ ಕಾನೂನೂ ಹೇಳಿಲ್ಲ. ಪುತ್ತೂರಿನವರಿಗೆ ಮಾರುವಾಗಲಂತೂ ಇಬ್ಬರಿಗೂ ಓದಲು ಬರುವುದು ಕನ್ನಡವೇ. ಎದುರಿನವರು ಮಲಯಾಳದವರಾದರೆ ಎರಡೂ ಭಾಷೆಯಲ್ಲಿ ಬರೆಸಿ, ತಾರೀಕನ್ನೂ ಮೊತ್ತವನ್ನೂ ಅಕ್ಷರದಲ್ಲಿ ಬರೆಸಿಕೊಳ್ಳಬೇಕು.

ಕರಾರು ಇಲ್ಲದೆ ಸಿಕ್ಕಿಬಿದ್ದವರಿಗೂ ದಾರಿ ಇದೆ. ಮೇಲೆ ಹೇಳಿದ ಕೃಷಿಕರು ಕೊನೆಗೆ ಕಳುಹಿಸಿದ ಪತ್ರ ಹೀಗಿತ್ತು:

"ತಾವು ಮೇ 28ರಂದು ರೂ. 10,000 ಕೊಟ್ಟು, ಒಟ್ಟು ರೂ. 1,80,000ಕ್ಕೆ ಒಪ್ಪಿದ ಜೀಪು ನಮ್ಮ ಮನೆಯಲ್ಲಿ ಒಪ್ಪಿಸಲು ಸಿದ್ಧವಿದೆ. ಬಾಕಿ ರೂ. 1,70,000 ಪಾವತಿಸಿ ನವಂಬರ್ 25ರೊಳಗೆ ಒಯ್ಯಬೇಕಾಗಿ ವಿನಂತಿ. ತಪ್ಪಿದಲ್ಲಿ ಜೀಪನ್ನು ಬೇರೆಯವರಿಗೆ ಮಾರಲಾಗುವುದು. ಬೆಲೆಯಲ್ಲಿ ಬಿದ್ದ ಕೊರತೆಯನ್ನೂ ಕಾಪಾಡಿದ ಖರ್ಚನ್ನೂ ತಮ್ಮ ಹಣದಿಂದ ಮುರಿದು ಉಳಿದುದನ್ನು ಹಿಂತಿರುಗಿಸಲಾಗುವುದು."

ಬೈಗಳಿಲ್ಲ, ಬೆದರಿಕೆ ಇಲ್ಲ. ಇಂಥ ಪತ್ರವನ್ನು ಅಂಚೆಯಲ್ಲೇ ಕಳುಹಿಸಬೇಕು. 2025ರಲ್ಲಿ ಹಳೆಯ ರಿಜಿಸ್ಟರ್ಡ್ ಪೋಸ್ಟು ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ. ಸ್ಪೀಡ್ ಪೋಸ್ಟಿನಲ್ಲೇ ಕಳುಹಿಸಿ, ತಲಪಿದ ದಾಖಲೆಯನ್ನೂ ಪತ್ರದ ನಕಲನ್ನೂ ಜೋಪಾನವಾಗಿಡಬೇಕು. ಅದೇ ಪತ್ರದ ಫೋಟೋವನ್ನು ವಾಟ್ಸಾಪಿನಲ್ಲೂ ಹಾಕಿದರೆ ಒಳ್ಳೆಯದು. ಆರು ತಿಂಗಳ ಫೋನಿಗೆ ಜಗ್ಗದ ಮನುಷ್ಯ ಹನ್ನೆರಡನೆಯ ದಿನ ಭಾವನನ್ನು ಕರೆದುಕೊಂಡು ಬಂದ. ಬ್ಯಾಟರಿ, ವಯರಿಂಗಿನ ಖರ್ಚನ್ನು ಇಬ್ಬರೂ ಅರ್ಧರ್ಧ ಹಾಕಿಕೊಂಡರು. ಅದು ನ್ಯಾಯವೇ ಎಂದರೆ, ಹೌದೆಂದೇ ನನ್ನ ಅಭಿಪ್ರಾಯ. ಇಲಿ ಕಡಿಯುವವರೆಗೆ ಬಾನೆಟ್ ತೆರೆಯದ ತಪ್ಪು ಇವರದ್ದೂ ಇತ್ತು.

ಪತ್ರಕ್ಕೂ ಮಣಿಯದಿದ್ದರೆ ನೇರ ಕೋರ್ಟಿಗೆ ಓಡಬೇಕಾಗಿಲ್ಲ. ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ, ದಾವೆ ಹೂಡುವ ಮೊದಲೇ ಇಬ್ಬರನ್ನೂ ಕರೆಸಿ ಮಾತಾಡಿಸುತ್ತಾರೆ. ಲೋಕ ಅದಾಲತಿನಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬೆಲೆಯಿದೆ.

ಗಡಿಯವರಾದ ನಮಗೆ ಒಂದು ಹೆಚ್ಚಿನ ತೊಡಕು ಇದೆ. ಕೆ.ಎಲ್. 14 ಸಂಖ್ಯೆಯ ವಾಹನ ಕರ್ನಾಟಕದವರ ಹೆಸರಿಗೆ ಹೋಗಬೇಕಾದರೆ ಕಾಸರಗೋಡು ಆರ್.ಟಿ.ಒ. ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಬೇಕು. ಅರ್ಜಿ 28ನೆಯ ನಮೂನೆಯದ್ದು. "ಎನ್.ಒ.ಸಿ. ಮಾಡಿಸಿ ಇಡಿ, ಬಂದು ಒಯ್ಯುತ್ತೇನೆ" ಎಂದು ಕೊಳ್ಳುವವರು ಸಲೀಸಾಗಿ ಹೇಳುತ್ತಾರೆ. ಆ ಪತ್ರ ಯಾವ ಕಚೇರಿಗೆಂದು ಹೆಸರಿಸಿಯೇ ಸಿಗುವುದು. ಪುತ್ತೂರಿಗೆಂದು ತೆಗೆಸಿಟ್ಟ ಮೇಲೆ ಅವನು ಬಾರದಿದ್ದರೆ, ಊರಿನ ಬೇರೆಯವರಿಗೆ ಮಾರಲು ಅದನ್ನು ಮೊದಲು ರದ್ದುಮಾಡಿಸಬೇಕು. ಆದ್ದರಿಂದ ಸಂಚಕಾರದ ಬಲದಿಂದ ಮಾತ್ರ ಎನ್.ಒ.ಸಿ.ಗೆ ಹೊರಡಬಾರದು; ದೊಡ್ಡ ಮೊತ್ತ ಬ್ಯಾಂಕಿಗೆ ಬಂದಿರಬೇಕು.

ಅದಕ್ಕಿಂತಲೂ ಅಪಾಯಕರವಾದುದು, "ಹೇಗೂ ಮಾರಿಯಾಯಿತಲ್ಲ" ಎಂದು 29 ಮತ್ತು 30ನೆಯ ನಮೂನೆಗಳಿಗೆ ಖಾಲಿಯಾಗಿಯೇ ರುಜು ಹಾಕಿ, ಆರ್.ಸಿ. ಸಮೇತ ಕೊಟ್ಟುಬಿಡುವುದು. ವಾಹನ ಅಂಗಳದಲ್ಲಿ, ಕಾಗದ ಅವನಲ್ಲಿ! ಒಂದು ದಿನ ಅವನ ಬದಲು ಯಾರೋ ಮೂರನೆಯವನು ಬಂದು ಬೀಗದಕೈ ಕೇಳುತ್ತಾನೆ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ನೋಂದಣಿ ಯಾರ ಹೆಸರಿನಲ್ಲಿದೆಯೋ ಅವನೇ ಒಡೆಯ. 2007ರಲ್ಲಿ ಮಾರಿದ ಒಂದು ವಾಹನ ಕೈಯಿಂದ ಕೈಗೆ ದಾಟಿ, 2009ರಲ್ಲಿ ಅಪಘಾತ ಮಾಡಿತು. ನೋಂದಣಿ ಮಾತ್ರ ಮೊದಲಿನವರ ಹೆಸರಿನಲ್ಲೇ ಇತ್ತು. ಪರಿಹಾರದ ಹೊಣೆ ಅವರದ್ದೇ ಎಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ವಾಹನವನ್ನು ಕಣ್ಣಿನಲ್ಲಿ ಕಾಣದೆ ಎರಡು ವರ್ಷ ಕಳೆದ ಮೇಲೂ ಈ ಭಾರ ತಪ್ಪಲಿಲ್ಲ.

ಕಾಯುವ ತಿಂಗಳುಗಳಲ್ಲಿ ವಾಹನದ ಆರೈಕೆಗೆ ಹೆಚ್ಚು ಖರ್ಚಿಲ್ಲ. ಬ್ಯಾಟರಿಯ ಒಂದು ವಯರು ಕಳಚಿಡಬೇಕು, ಇಲ್ಲವೇ ವಾರಕ್ಕೊಮ್ಮೆ ಕಾಲು ಗಂಟೆ ಎಂಜಿನ್ ಓಡಿಸಬೇಕು. ನಮ್ಮ ಮಳೆಗೆ ಹ್ಯಾಂಡ್ ಬ್ರೇಕ್ ಎಳೆದಿಟ್ಟರೆ ಹಿಡಿದುಕೊಳ್ಳುತ್ತದೆ. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಮರದ ತುಂಡು ಕೊಟ್ಟರೆ ಸಾಕು. ಟರ್ಪಾಲನ್ನು ಬಿಗಿಯಾಗಿ ಸುತ್ತದೆ ಗಾಳಿಯಾಡಲು ಬಿಡಬೇಕು. ವಿಮೆಯನ್ನು ನಿಲ್ಲಿಸಬಾರದು, ಏಕೆಂದರೆ ವಿಮೆಯಿಲ್ಲದೆ ಒಯ್ಯುವ ದಿನ ಗೇಟು ದಾಟಿ ರಸ್ತೆಗೆ ಇಳಿಸುವಂತಿಲ್ಲ.

ಕೊನೆಗೂ ಒಯ್ಯುವ ದಿನ ಬಂದಾಗ ಅವಸರ ಬೇಡ. ಹಣ ಖಾತೆಗೆ ಬಂದುದನ್ನು ನೋಡಿದ ಮೇಲೆಯೇ ಬೀಗದಕೈ. ಒಪ್ಪಿಸಿದ ತಾರೀಕು ಮಾತ್ರವಲ್ಲದೆ ಗಂಟೆ, ಓಡಿದ ಕಿಲೋಮೀಟರ್ ಲೆಕ್ಕ ಬರೆದು ಇಬ್ಬರೂ ರುಜು ಹಾಕಬೇಕು. ಸಂಜೆ ಆರಕ್ಕೆ ಒಯ್ದವನು ಆರೂವರೆಗೆ ಯಾರಿಗಾದರೂ ಢಿಕ್ಕಿ ಹೊಡೆದರೆ ಆ ಗಂಟೆಗೆ ಬೆಲೆ ಬರುತ್ತದೆ. ಫಾಸ್ಟ್ಯಾಗ್ ಇದ್ದರೆ ಅಂದೇ ರದ್ದುಮಾಡಿಸಬೇಕು. ಇಲ್ಲವಾದರೆ ತಲಪಾಡಿ ಟೋಲಿನಲ್ಲಿ ಅವರು ದಾಟಿದಾಗಲೆಲ್ಲ ಹಣ ನಮ್ಮ ಖಾತೆಯಿಂದ ಹೋಗುತ್ತದೆ. 2023ರ ಜೂನಿನಿಂದ ಕೇರಳದ ರಸ್ತೆಗಳಲ್ಲಿ ಎ.ಐ. ಕ್ಯಾಮರಾಗಳ ಮೂಲಕ ದಂಡ ಆರಂಭವಾದ ಬಳಿಕ, ಹೆಲ್ಮೆಟ್ಟು, ಬೆಲ್ಟಿನ ನೋಟೀಸುಗಳೂ ನೋಂದಣಿಯ ಹೆಸರಿಗೇ ಬರುತ್ತವೆ.

ಕೇರಳದೊಳಗಿನ ಮಾರಾಟವನ್ನು ಮಾರಿದವನು 14 ದಿನದೊಳಗೆ ಆರ್.ಟಿ.ಒ. ಕಚೇರಿಗೆ ತಿಳಿಸಬೇಕು, ರಾಜ್ಯದ ಹೊರಗಾದರೆ 45 ದಿನ. ಕೊಂಡವನಿಗೆ 30 ದಿನ. ಈ ಅವಧಿ ಮುಗಿದ ಮೇಲೆ ಪರಿವಾಹನ್ ಜಾಲತಾಣದಲ್ಲಿ ಸಂಖ್ಯೆ ಹಾಕಿ ಒಮ್ಮೆ ನೋಡಬೇಕು. ಮನೆಯಲ್ಲಿ ಪ್ಲಸ್ ಟೂ ಓದುವ ಮಕ್ಕಳಿದ್ದರೆ ಐದು ನಿಮಿಷದ ಕೆಲಸ. ಇನ್ನೂ ಹಳೆಯ ಹೆಸರೇ ಇದ್ದರೆ, ಒಪ್ಪಿಸಿದ ಚೀಟಿಯ ನಕಲು ಇಟ್ಟು ಕಚೇರಿಗೊಂದು, ಕೊಂಡವರಿಗೊಂದು ಪತ್ರವನ್ನು ಅದೇ ದಿನ ಅಂಚೆಗೆ ಹಾಕಬೇಕು.