ಬಿಂದುವಿನ ಬಲಗಡೆ

ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ವಾಣೀವಿಲಾಸ ಸಾಗರವು 1933ರ ತರುವಾಯ ಎಂಬತ್ತೊಂಬತ್ತು ವರ್ಷ ಕಳೆದು, 2022ರ ಸೆಪ್ಟೆಂಬರಿನಲ್ಲಿ ಮರಳಿ ಕೋಡಿ ಬಿದ್ದಾಗ, ಹಿರಿಯೂರು ಹೊಸದುರ್ಗಗಳ ಸೀಮೆಯಲ್ಲಿ ಬಾಗಿನದ ಸಂಭ್ರಮದೊಡನೆ ಅಡಿಗಳ ಲೆಕ್ಕವೂ ಎಲ್ಲರ ನಾಲಗೆಯ ಮೇಲಿತ್ತು. 1933ರ ಮಟ್ಟ 135.25 ಅಡಿಯೆಂದು ಪತ್ರಿಕೆಗಳು ಸ್ಮರಿಸುತ್ತವೆ. ಹಾಗಾದರೆ ನೀರು 135.3ಕ್ಕೆ ಏರಿದರೆ ಆ ದಾಖಲೆ ಮುರಿಯಿತೆ, ಉಳಿಯಿತೆ? ಉತ್ತರ ತಿಳಿದಿದ್ದೂ ತಾನೊಂದು ಕ್ಷಣ ತಡವರಿಸಿದುದೇಕೆಂದು ಓದುಗರೊಬ್ಬರು ಕೇಳಿದ್ದಾರೆ.

ಮುರಿಯಿತು, ಸಂದೇಹವಿಲ್ಲ. ಆದರೆ ಆ ತಡವರಿಕೆಯೇ ನನಗೆ ಅಮೂಲ್ಯವಾಗಿ ತೋರುತ್ತದೆ. ಎರಡು ಅಂಕೆಗಳಲ್ಲಿ ದೊಡ್ಡದಾವುದೆಂದು ಗುರುತಿಸಲು ತಗಲುವ ಕಾಲವನ್ನು ಮೋಯರ್ ಮತ್ತು ಲ್ಯಾಂಡೌರ್ 1967ರಲ್ಲಿ ಅಳೆದು, ಅಂಕೆಗಳು ಪರಸ್ಪರ ಹತ್ತಿರವಾದಷ್ಟೂ ನಿರ್ಣಯ ನಿಧಾನವಾಗುವುದನ್ನು ಕಂಡರು. ಅಂದಿನಿಂದ ಈ ಅಲ್ಪ ವಿಳಂಬವೇ ಮನಸ್ಸಿನ ಒಳಮನೆಗೆ ಕಿಟಕಿಯಾಗಿದೆ. ಹ್ಯೂಬರ್ ಮತ್ತು ಸಂಗಡಿಗರು 2014ರಲ್ಲಿ, ದಶಮಾಂಶಗಳನ್ನು ಹೋಲಿಸುವ ವಯಸ್ಕರ ಕಣ್ಣಿನ ಚಲನೆಯನ್ನು ಪರೀಕ್ಷಿಸಿ, ಇವಕ್ಕೆಂದು ಮನಸ್ಸು ಬೇರೊಂದು ವ್ಯವಸ್ಥೆಯನ್ನು ಕಟ್ಟಿಕೊಂಡಿಲ್ಲ, ಪೂರ್ಣಸಂಖ್ಯೆಗಳ ಹಳೆಯ ವ್ಯವಸ್ಥೆಯಿಂದಲೇ ಕೆಲಸ ಸಾಗಿಸುತ್ತದೆ ಎಂಬ ನಿರ್ಣಯಕ್ಕೆ ಬಂದರು.

ಹೊಳಲ್ಕೆರೆಯ ಸಂತೆಯಿಂದ ಹಿಂದಿರುಗುವ ಎತ್ತಿನ ಗಾಡಿಯೊಂದನ್ನು ಭಾವಿಸಿರಿ. ಹತ್ತಾರು ವರ್ಷ ಒಂದೇ ದಾರಿ ತುಳಿದ ಮುದಿ ಎತ್ತಿಗೆ ಕವಲಿನಲ್ಲಿ ಹೇಳುವವರು ಬೇಕಿಲ್ಲ. ಅದು ತನ್ನ ಕೊಟ್ಟಿಗೆಯ ಕಡೆಗೆ ತಾನೇ ಹೊರಳುತ್ತದೆ. ಯಜಮಾನನು ಈ ದಿನ ನೆಂಟರೂರಿಗೆ ಹೊರಟಿದ್ದರೆ ಹಗ್ಗ ಜಗ್ಗಬೇಕು. ಎತ್ತು ಕತ್ತು ಹೊರಳಿಸಿ, ಒಂದು ಹೆಜ್ಜೆ ತಪ್ಪಿಟ್ಟು, ಅನಂತರ ದಾರಿಗೆ ಬರುತ್ತದೆ. ಅಂಕೆಗಳು ಹೆಚ್ಚಿದ್ದರೆ ಸಂಖ್ಯೆ ದೊಡ್ಡದೆಂಬುದು ಬಾಲ್ಯದಿಂದ ತುಳಿದ ದಾರಿ. 999ಕ್ಕಿಂತ 1000 ದೊಡ್ಡದಲ್ಲವೆ? ಬಿಂದುವಿನ ಬಲಗಡೆ ಇಪ್ಪತ್ತೈದನ್ನೂ ಮೂರನ್ನೂ ಕಂಡೊಡನೆ ಎತ್ತು ಇಪ್ಪತ್ತೈದರ ಕಡೆಗೆ ಎಳೆಯುತ್ತದೆ, ಕಲಿತ ವಿದ್ಯೆ ಹಗ್ಗ ಹಿಡಿಯುತ್ತದೆ. ಲಾರೆನ್ ರೆಸ್ನಿಕ್ ಮತ್ತು ಸಂಗಡಿಗರು 1989ರಲ್ಲಿ ವಿವರಿಸಿದ ಶಾಲಾಮಕ್ಕಳ ತಪ್ಪುಗಳಲ್ಲಿ ಹಗ್ಗವಿನ್ನೂ ಬಿಗಿಯಾಗಿಲ್ಲ. ವಯಸ್ಕರಲ್ಲಿ ತಪ್ಪು ವಿರಳ, ಎಳೆತ ಮಾತ್ರ ಹೋಗಿಲ್ಲ.

ಇದಕ್ಕೆ ನಮ್ಮ ದಿನನಿತ್ಯದ ಹಣವೂ ಕಾರಣವೆಂದು ನಾನು ನಂಬುತ್ತೇನೆ. 1957ರ ಏಪ್ರಿಲ್ 1ರಂದು ಹದಿನಾರಾಣೆಯ ರೂಪಾಯಿ ನೂರು ನಯಾ ಪೈಸೆಯಾಯಿತು. ಪೈಸೆಯನ್ನು ಸದಾ ಎರಡು ಅಂಕೆಗಳಲ್ಲಿ ಬರೆಯುವುದರಿಂದ, ಬಲಗಡೆಯನ್ನು ಪೂರ್ಣಸಂಖ್ಯೆಯಂತೆ ಓದಿದರೂ ಅಲ್ಲಿ ಮೋಸವಾಗುವುದಿಲ್ಲ. ಎತ್ತು ಯಜಮಾನರಿಬ್ಬರ ದಾರಿಯೂ ಒಂದೇ. ನಾಲಗೆಯಾದರೂ "ಪಾಯಿಂಟ್ ಇಪ್ಪತ್ತೈದು" ಎಂದು ಅದೇ ಅಭ್ಯಾಸವನ್ನು ದೃಢಪಡಿಸುತ್ತದೆ. ಕಾಲುಮಗ್ಗಿ, ಮುಕ್ಕಾಲುಮಗ್ಗಿ ಬಾಯಿಪಾಠ ಮಾಡಿದ ಹಿರಿಯರು ನೂರ ಮೂವತ್ತೈದೂಕಾಲು ಅಡಿ ಎನ್ನುವಾಗ ಆ ಕಾಲಿನಲ್ಲಿ ಇಪ್ಪತ್ತೈದರ ಸುಳಿವೇ ಇಲ್ಲ, ಮೂರು ಅಂಗುಲದ ಪ್ರಮಾಣವಿದೆ.

135.3ರ ಕೊನೆಗೊಂದು ಸೊನ್ನೆ ಸೇರಿಸಿ 135.30 ಎಂದು ಬರೆಯಿರಿ: ಬೆಲೆ ಬದಲಾಗದು, ತಡವರಿಕೆ ಮಾಯವಾಗುತ್ತದೆ. ಹಾಗೆ ಬರೆದ ಮೇಲೆ ವ್ಯತ್ಯಾಸವೂ ಕಣ್ಣಿಗೆ ಬೀಳುತ್ತದೆ: ಅಡಿಯ ನೂರರಲ್ಲಿ ಐದು ಭಾಗ, ಅರ್ಧ ಅಂಗುಲಕ್ಕಿಂತ ತುಸು ಹೆಚ್ಚು ನೀರು.