ಕಡಲಕರೆಯ ಊರಿಗೆ ಸಂಸಾರ ಸಾಗಿಸುವ ಮುನ್ನ

ಅಡಿಕೆ ಧಾರಣೆ, ಗೊಬ್ಬರದ ದಾಸ್ತಾನು ವಿಚಾರಿಸಲು ಸಂಘದ ಕಚೇರಿಗೆ ಬರುವ ಸದಸ್ಯ ಬಾಂಧವರಲ್ಲಿ ಹಲವರು ಇತ್ತೀಚೆಗೆ ಹೊರಡುವ ಹೊತ್ತಿಗೆ ಇನ್ನೊಂದು ಮಾತನ್ನೂ ತೆಗೆಯುತ್ತಾರೆ. ಸಂಸಾರ ಸಮೇತ ಮಂಗಳೂರು, ಉಡುಪಿ ಕಡೆಗೆ ಹೋಗಿ ನೆಲೆಸಿದರೆ ಹೇಗೆ, ಯಾವ ಊರು ಲೇಸು ಎಂದು. ಕಾರಣಗಳು ಎಲ್ಲರಿಗೂ ಗೊತ್ತಿರುವಂಥವೇ. 2023ರ ಮಾರ್ಚ್ 12ರಂದು ನಮ್ಮ ಗೆಜ್ಜಲಗೆರೆಯಲ್ಲೇ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಗೆ ಜಮೀನು ಬಿಟ್ಟುಕೊಟ್ಟವರ ಕೈಯಲ್ಲಿ ಪರಿಹಾರದ ಹಣವಿದೆ. ಅದೇ ವರ್ಷ ಮುಂಗಾರು ಕೈಕೊಟ್ಟು, ಕನ್ನಂಬಾಡಿ ಕಟ್ಟೆ ತನ್ನ 124.80 ಅಡಿಯ ಮಟ್ಟ ಮುಟ್ಟದೆ ಹೋದಾಗ, ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಮದ್ದೂರು, ಮಳವಳ್ಳಿಯ ತೋಟಗಾರರಿಗೆ ಆದ ಕಳವಳ ಇನ್ನೂ ಮಾಸಿಲ್ಲ. ಮಳೆ ಧಾರಾಳವಾಗಿರುವ ಸೀಮೆಯತ್ತ ಮನಸ್ಸು ಹರಿಯುವುದು ಸಹಜ.

ಹೋಗಬೇಡಿ ಎಂದು ಹೇಳುವುದು ಈ ಬರಹದ ಉದ್ದೇಶವಲ್ಲ. ಸಮುದ್ರ ನೋಡಿ ಊರು ಆರಿಸಬೇಡಿ, ಏಪ್ರಿಲ್ ತಿಂಗಳ ಬಾವಿಯನ್ನೂ ಜುಲೈ ತಿಂಗಳ ಘಾಟಿಯನ್ನೂ ಜಮೀನಿನ ಹಳೆಯ ಕಾಗದಗಳನ್ನೂ ನೋಡಿ ಆರಿಸಿ ಎಂಬುದಷ್ಟೇ ನನ್ನ ಮಾತು.

ಮಂಡ್ಯದಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರು ಮಳೆ. ಮಂಗಳೂರಿನಲ್ಲಿ 3,500ಕ್ಕೂ ಮಿಗಿಲು. ಆದರೆ ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು, ಇಳಿಜಾರಿನಲ್ಲಿ ಹರಿದು ಕಡಲು ಸೇರಿಬಿಡುತ್ತದೆ. 2019ರ ಬೇಸಿಗೆಯಲ್ಲಿ ನೇತ್ರಾವತಿಯ ತುಂಬೆ ಅಣೆಕಟ್ಟೆಯಲ್ಲಿ ನೀರು ತಳಕ್ಕಿಳಿದು ಮಂಗಳೂರು ನಗರಕ್ಕೆ ಪಾಳಿಯ ಮೇಲೆ ನೀರು ಬಿಡಬೇಕಾಯಿತು. ಸ್ವರ್ಣಾ ನದಿಯ ಬಜೆ ಅಣೆಕಟ್ಟೆಯನ್ನು ನಂಬಿದ ಉಡುಪಿಗೂ ಆ ವರ್ಷ ಅದೇ ಪಾಡು. ಕಡಲಿಗೆ, ಅಳಿವೆಗೆ ಹತ್ತಿರದ ಬಾವಿಗಳಲ್ಲಿ ಬೇಸಿಗೆಯ ಕೊನೆಗೆ ಉಪ್ಪು ಕಾಣಿಸಿಕೊಳ್ಳುವುದುಂಟು. ಆದುದರಿಂದ ಮನೆ ನೋಡಲು ಹೋಗುವುದಾದರೆ ದಸರಾ ರಜೆಯಲ್ಲಿ ಹೋಗಬೇಡಿ. ಆಗ ಎಲ್ಲ ಬಾವಿಯೂ ತುಂಬಿರುತ್ತದೆ, ದಲ್ಲಾಳಿಯೂ ಹುರುಪಿನಲ್ಲಿರುತ್ತಾನೆ. ಏಪ್ರಿಲ್ ಕೊನೆಯಲ್ಲಿ ಹೋಗಿ ಬಾವಿಗೆ ಹಗ್ಗ ಬಿಟ್ಟು ನೋಡಿ, ನೀರನ್ನು ಬಾಯಿಗೆ ಹಾಕಿಕೊಂಡು ನೋಡಿ.

ಮರಳ ದಂಡೆಗೆ ಅಂಟಿಕೊಂಡ ನಿವೇಶನವಂತೂ ಬೇಡ. ಉಳ್ಳಾಲ, ಸೋಮೇಶ್ವರ, ಉಚ್ಚಿಲಗಳಲ್ಲಿ ಕಡಲ್ಕೊರೆತಕ್ಕೆ ಮನೆಗಳೂ ತೆಂಗಿನ ಮರಗಳೂ ಹೋದದ್ದನ್ನು ಮಳೆಗಾಲದಲ್ಲಿ ಪತ್ರಿಕೆ ಓದುವವರೆಲ್ಲ ಬಲ್ಲರು. ಮೇಲಾಗಿ, ಭರತದ ಗೆರೆಯಿಂದ 500 ಮೀಟರ್‌ವರೆಗಿನ ನೆಲವು ಕರಾವಳಿ ನಿಯಂತ್ರಣ ವಲಯದ ನಿಯಮಗಳಿಗೆ ಒಳಪಟ್ಟದ್ದು. 1991ರಲ್ಲಿ ಬಂದ ಈ ನಿಯಮಗಳು 2011 ಮತ್ತು 2019ರಲ್ಲಿ ಪರಿಷ್ಕೃತವಾಗಿವೆ. ಉಪ್ಪುನೀರು ಏರುವ ಹೊಳೆಗಳ ದಡಕ್ಕೂ ನಿರ್ಬಂಧವುಂಟು.

ಇನ್ನು ದಾರಿ. ಮಂಡ್ಯದಿಂದ ಮಂಗಳೂರಿಗೆ ಸುಮಾರು 300 ಕಿಲೋಮೀಟರು. ಮದ್ದೂರಿನ ಮೂಲಕ ಹಾದುಹೋಗುವ 275ನೇ ರಾಷ್ಟ್ರೀಯ ಹೆದ್ದಾರಿಯೇ ಮೈಸೂರು, ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರುಗಳನ್ನು ದಾಟಿ ಮಾಣಿ ಮುಟ್ಟುತ್ತದೆ. ಮೈಸೂರು ಮಾರ್ಗವಾಗಿ ರಾತ್ರಿ ರೈಲೂ ಇದೆ. ಆದರೆ 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ವಾರಗಟ್ಟಲೆ ಮುಚ್ಚಿತ್ತು. ಶಿರಾಡಿಯಲ್ಲೂ ಸಂಚಾರ ನಿಂತಿತು. 2024ರ ಜುಲೈನಲ್ಲಿ ಎಡಕುಮೇರಿಯ ಬಳಿ ಮಣ್ಣು ಜರಿದು ರೈಲುಗಳು ನಿಂತವು. ನಾಲೆಗೆ ನೀರು ಬಿಟ್ಟು ನಮ್ಮಲ್ಲಿ ನಾಟಿ ನಡೆಯುವುದೂ ಅದೇ ಕಾಲದಲ್ಲಿ. ಗದ್ದೆಯನ್ನು ಮಳವಳ್ಳಿಯಲ್ಲಿ ಇಟ್ಟುಕೊಂಡು ಸಂಸಾರವನ್ನು ಘಾಟಿಯ ಕೆಳಗೆ ಇಡಬೇಕೆಂದಿರುವವರು, ಆ ಎರಡು ತಿಂಗಳು ಇಲ್ಲಿ ನಿಂತು ನೋಡಿಕೊಳ್ಳುವವರು ಯಾರೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು.

ನಮ್ಮವರು ಎಡವುವುದು ಹೆಚ್ಚಾಗಿ ಕಾಗದಪತ್ರದಲ್ಲಿ. 1956ರ ನವೆಂಬರ್ 1ರವರೆಗೆ ಆ ಜಿಲ್ಲೆ ಮದರಾಸಿಗೆ ಸೇರಿತ್ತು, ನಾವು ಮೈಸೂರಿನವರು. ಅಳತೆಯೇ ಬೇರೆ. ಅಲ್ಲಿ ಗುಂಟೆಯ ಮಾತಿಲ್ಲ, ಸೆಂಟ್ಸು. ಎಕರೆಗೆ 100 ಸೆಂಟ್ಸ್, ಅಂದರೆ ನಮ್ಮ ಒಂದು ಗುಂಟೆಗೆ ಎರಡೂವರೆ. ‘ಐದು ಎಕರೆ ತೋಟ’ ಎಂದು ತೋರಿಸಿದಾಗ ಅದರಲ್ಲಿ ವರ್ಗ ಎಷ್ಟು, ಕುಮ್ಕಿ ಎಷ್ಟು ಎಂದು ಕೇಳತಕ್ಕದ್ದು. ವರ್ಗ ಜಮೀನಿಗೆ ತಾಗಿದ ಸರ್ಕಾರಿ ಭೂಮಿಯಲ್ಲಿ, 100 ಗಜದ ಮಿತಿಯೊಳಗೆ, ಸೊಪ್ಪು, ಹುಲ್ಲು, ಸೌದೆ ತೆಗೆದುಕೊಳ್ಳುವ ಸವಲತ್ತೇ ಕುಮ್ಕಿ. ಅದು ಮಾಲಿಕತ್ವವಲ್ಲ. ಕುಮ್ಕಿಯಲ್ಲಿ ಅಡಿಕೆ ಫಲ ಕೊಡುತ್ತಿದ್ದರೂ ನೆಲ ಸರ್ಕಾರದ್ದೇ. ಅದಕ್ಕೆ ವರ್ಗದ ಬೆಲೆ ತೆತ್ತವನು ಗಾಳಿಗೆ ಹಣ ಕೊಟ್ಟಂತೆ. 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಬಂದ ಜಮೀನಾದರೆ ಭೂ ನ್ಯಾಯ ಮಂಡಳಿಯ ಆದೇಶದ ನಕಲು ಕೇಳಿ. ಹಕ್ಕು ಒಬ್ಬನಿಗೆ ಬಂದದ್ದೋ ಇಡೀ ಕುಟುಂಬಕ್ಕೋ ನೋಡಿ. ಅಳಿಯಸಂತಾನದ ಮನೆತನಗಳಲ್ಲಿ ಆಸ್ತಿ ಹೆಣ್ಣಿನ ಕವಲಿನಲ್ಲಿ ಇಳಿದು ಬಂದಿರುತ್ತದೆ. ಮಾರುವವನ ಮಕ್ಕಳ ಸಹಿ ಹಾಕಿಸಿಕೊಂಡು, ಅಕ್ಕತಂಗಿಯರ ಸಹಿ ಬಿಟ್ಟರೆ ಮುಂದೆ ನ್ಯಾಯಾಲಯದ ಮೆಟ್ಟಿಲು ತಪ್ಪದು.

ಊರುಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಹೀಗಿದೆ. ಮಂಗಳೂರಿನಲ್ಲಿ ಆಸ್ಪತ್ರೆ, ಕಾಲೇಜು, 1973ರಲ್ಲಿ ಹುಟ್ಟಿದ ಕ್ಯಾಂಪ್ಕೋದ ಕೇಂದ್ರ ಕಚೇರಿ ಎಲ್ಲವೂ ಇವೆ, ನೆಲದ ಬೆಲೆ ಮಾತ್ರ ನಮ್ಮಂಥ ಸಣ್ಣ ಹಿಡುವಳಿದಾರರಿಗಲ್ಲ. ಓದುವ ಮಕ್ಕಳೂ ಕಾಯಿಲೆಯ ಹಿರಿಯರೂ ಇರುವ ಮನೆಗೆ ಉಡುಪಿ–ಮಣಿಪಾಲ ಮೇಲು. ತೋಟ ಮಾಡಿಯೇ ಬಾಳಬೇಕೆನ್ನುವವರು ಕಡಲ ಆಸೆ ಬಿಟ್ಟು, ಮಂಗಳೂರಿನಿಂದ ಸುಮಾರು 50 ಕಿಲೋಮೀಟರು ಒಳಗಿರುವ ಪುತ್ತೂರನ್ನು ನೋಡುವುದು ಒಳಿತು. ಕುಂದಾಪುರವನ್ನು ನಮ್ಮವರು ಲೆಕ್ಕಕ್ಕೇ ತರುವುದಿಲ್ಲ. ಮಂಗಳೂರಿನ ಸಂತೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಕಿವಿಗೆ ಬಿದ್ದರೆ, ಅಲ್ಲಿನ ಮನೆಮಾತು ಕನ್ನಡವೇ. ಮಕ್ಕಳು ವರ್ಷದೊಳಗೆ ತುಳು ಕಲಿತಾರು. ಎಪ್ಪತ್ತರ ತಾಯಿ ಸೊಪ್ಪು ಮಾರುವವಳೊಡನೆ ಜಗಳವಾಡುವುದಾದರೂ ಯಾವ ಭಾಷೆಯಲ್ಲಿ? ಆದರೆ ಕುಂದಾಪುರಕ್ಕೆ ಸುತ್ತಲೂ ಅಳಿವೆ. ಬಾವಿಯ ಮಾತು ಅಲ್ಲಿಗೆ ಇಮ್ಮಡಿ ಅನ್ವಯಿಸುತ್ತದೆ.

ತೋಟ ಕೊಳ್ಳುವವರಿಗೆ ಒಂದೆರಡು ಮಾತು. ಸುಳ್ಯದ ಸಂಪಾಜೆ, ಅರಂತೋಡು ಸುತ್ತ ಅಡಿಕೆಗೆ ಹಳದಿ ಎಲೆ ರೋಗ ಬಹುಕಾಲದಿಂದ ಇದೆ, ಮದ್ದಿಲ್ಲ. ಅಗ್ಗದ ತೋಟ ಏಕೆ ಅಗ್ಗವೆಂದು ವಿಚಾರಿಸಿ, ಬೇಕಾದರೆ ವಿಟ್ಲದ ಸಂಶೋಧನಾ ಕೇಂದ್ರದವರನ್ನು ಕೇಳಿ. ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆ ಒಮ್ಮೆ, ನಡುವೆ ಮತ್ತೊಮ್ಮೆ ಸಿಂಪಡಿಸಬೇಕು. ಮರ ಹತ್ತುವ ಆಳು ಸಿಗುವುದು ಅಲ್ಲಿಯೂ ಕಷ್ಟವೇ. ಹಸಿ ಅಡಿಕೆಯನ್ನು ಗುತ್ತಿಗೆಗೆ ಕೊಟ್ಟು ರೂಢಿಯಾದವರು, ಅಲ್ಲಿ ಹಣ್ಣಡಿಕೆಯನ್ನು 40–45 ದಿನ ಬಿಸಿಲಿಗೆ ಹರಡಿ ಚಾಲಿ ಮಾಡುವ ಅಂಗಳವೂ ತಾಳ್ಮೆಯೂ ತಮಗುಂಟೇ ಎಂದು ನೋಡಿಕೊಳ್ಳಬೇಕು.

ಏನೇ ಆಗಲಿ, ಮೊದಲ ವರ್ಷ ಬಾಡಿಗೆ ಮನೆಯೇ ಸರಿ. ತುಳುವರ ಆಟಿ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಒಗೆದ ಬಟ್ಟೆ ಒಣಗದ, ಗೋಡೆಗೆ ಬೂಷ್ಟು ಹಿಡಿಯುವ ಆ ದಿನಗಳನ್ನು ಮನೆಮಂದಿಯೆಲ್ಲ ಅಲ್ಲಿ ಕಳೆಯಲಿ. ಇಲ್ಲಿಯ ಜಮೀನನ್ನು ಅಲ್ಲಿಯವರೆಗೆ ಮಾರತಕ್ಕದ್ದಲ್ಲ. ಕರಾರಿಗೆ ಮುಂಗಡ ಕೊಡುವ ಮೊದಲು ಪಹಣಿ, ಋಣಭಾರ ಪತ್ರ, ನಕ್ಷೆಗಳ ನಕಲುಗಳನ್ನು ಕಚೇರಿಗೆ ತಂದರೆ ಕೂತು ನೋಡೋಣ. ಸಂತೆಯ ದಿನ ಮಾತ್ರ ಬೇಡ, ಅಂದು ತೂಕದ ಗದ್ದಲದಲ್ಲಿ ನನಗೆ ಬಿಡುವಿರುವುದಿಲ್ಲ.